ಹಳ್ಳದ ದಂಡೆಯ ಜಾಗ

ಪರದೇಶದಲ್ಲಿ ಮನೆ ಕಟ್ಟಲು ಜಾಗ ಕೊಳ್ಳುವಾಗ ಏನೇನು ನೋಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ನೀರು ನೋಡಬೇಕು. ಮಣ್ಣು ನೋಡಬೇಕು. ಗಡಿಕಲ್ಲು ನೋಡಬೇಕು. ನಾವು ಎಲ್ಲ ನೋಡಿದೆವು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದೆವು. ಆದರೂ ಸಿಕ್ಕಿಬಿದ್ದೆವು.

ಪರದೇಶ ಅಂದರೆ ಹಡಗು ಹತ್ತಿ ಹೋಗುವ ಊರಲ್ಲ. ನಮ್ಮೂರು ಬನವಾಸಿಯಿಂದ ಮೂಡಲಿಗೆ. ಶಿರಸಿಗೆ ಬಂದು, ಎಲ್ಲಾಪುರದ ಬಸ್ಸು ಹತ್ತಿ, ಉಮ್ಮಚಗಿಯಲ್ಲಿ ಇಳಿದು, ಕಾಡುದಾರಿಯಲ್ಲಿ ನಡೆದರೆ ಹಾಲಗದ್ದೆ ಎಂಬ ಊರು. ಬೆಳಿಗ್ಗೆ ಬಿಟ್ಟರೆ ಸಂಜೆಗೆ ಮುಟ್ಟಬಹುದು. ಆದರೆ ಅಲ್ಲಿ ನಮ್ಮ ಜೋಳದ ರೊಟ್ಟಿ ಇಲ್ಲ. ನಮ್ಮ ಮಾತಿಲ್ಲ. ಅಲ್ಲಿನ ತೋಟದವರು 'ನಾನು' ಅನ್ನುವುದಕ್ಕೂ 'ಆನು' ಅನ್ನುತ್ತಿದ್ದರು. ಅವರು ಮಾತಾಡಿದರೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದೆವು. ಪಕ್ಕದ ಜಿಲ್ಲೆ, ಒಂದೇ ಸರ್ಕಾರ. ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಆಗ ಎರಡು ವರ್ಷವಾಗಿತ್ತು. ನಮಗೆ ಎರಡೂ ಒಂದೇ ಆಗಿದ್ದವು.

ನಾವು ಅಗಸರು. ನಾನು ಗಿರಿಜವ್ವ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ, ನಾನು ಹೇಳುತ್ತೇನೆ. ಅವನು ಸೋಮ. ಅವನ ತಾಯಿ ಸಿದ್ದವ್ವ, ನನ್ನ ಅತ್ತೆ. ಮೂರೇ ಜನ. ನನಗೆ ಮಕ್ಕಳಾಗಲಿಲ್ಲ. ಆಗದ್ದಕ್ಕೆ ಒಂದೊಂದು ಸಲ ಅಳುತ್ತಿದ್ದೆ. ಒಂದೊಂದು ಸಲ, ಹುಟ್ಟಿದ್ದರೆ ಅದಕ್ಕೂ ಊರಿನ ಮೈಲಿಗೆ ಬಟ್ಟೆಯ ಗಂಟು ಹೊರಿಸಬೇಕಿತ್ತಲ್ಲ ಎಂದು ಸುಮ್ಮನಾಗುತ್ತಿದ್ದೆ.

ಊರಲ್ಲಿ ನಮ್ಮ ಕೆಲಸ ಏನು ಅಂತ ಎಲ್ಲರಿಗೂ ಗೊತ್ತಿದೆ. ಬಟ್ಟೆ ಒಗೆಯುವುದು ಅನ್ನುತ್ತಾರೆ. ಅಷ್ಟೇ ಆಗಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಹೆತ್ತವಳ ಬಟ್ಟೆ ನಮಗೆ. ಮುಟ್ಟಾದವಳ ಬಟ್ಟೆ ನಮಗೆ. ಸತ್ತವರ ಹಾಸಿಗೆ ನಮಗೆ. ಮನೆಯವರು ಕೋಲಿನ ತುದಿಯಿಂದ ದಬ್ಬುತ್ತಿದ್ದರು, ನಾವು ಕೈಯಿಂದ ಎತ್ತುತ್ತಿದ್ದೆವು. ಸವಳುಮಣ್ಣಿನ ನೀರಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸಿ, ಕೆರೆಯಲ್ಲಿ ಸೊಂಟದವರೆಗೆ ನಿಂತು ಕಲ್ಲಿಗೆ ಹೊಡೆಯುವುದು. ಸವಳು ತಿಂದು ಅತ್ತೆಯ ಬೆರಳುಗಳಲ್ಲಿ ಉಗುರೇ ಉಳಿದಿರಲಿಲ್ಲ. ರೊಟ್ಟಿ ಮುರಿಯುವಾಗ ಬೆರಳಿನ ಸಂದಿಯಿಂದ ರಕ್ತ ಬರುತ್ತಿತ್ತು. ಸಂಜೆ ಬುಟ್ಟಿ ಹಿಡಿದು ಮನೆಮನೆಯ ಮುಂದೆ ನಿಂತು, "ಅಗಸರು ಬಂದೇವ್ರೀ" ಅಂತ ಕೂಗಬೇಕು. ಮೇಲಿನಿಂದ ರೊಟ್ಟಿ ಬೀಳುತ್ತಿತ್ತು. ಕೆಳಗೆ ಬಿದ್ದದ್ದನ್ನೂ ಆರಿಸಿಕೊಂಡು ತರುತ್ತಿದ್ದೆವು.

ನಾನು ಮದುವೆಯಾಗಿ ಬರುವ ಮೊದಲಿನ ಮಾತು. ಊರ ಗೌಡರ ಮನೆಯಲ್ಲಿ ವಾಂತಿಭೇದಿ ಹೊಕ್ಕಿತು. ಆ ಮನೆಯ ಗಂಟು ನಮ್ಮ ಮನೆಗೆ ಬಂತು. ಮಾವ ಶಂಕ್ರಪ್ಪ ಒಗೆದ. ಮೂರನೆಯ ದಿನ ಅವನೇ ಹೋದ. ಹೆಣ ಎತ್ತಿದ ಮರುದಿನ ಗೌಡರ ಮನೆಯಿಂದ ಇನ್ನೊಂದು ಗಂಟು ಬಂತು. ಅತ್ತೆ ಅದನ್ನೂ ಒಗೆದಳು. ನಮ್ಮ ಮನೆಯಲ್ಲಿ ಸತ್ತವನ ಬಟ್ಟೆ ಒಗೆಯುವವರು ಯಾರು? ಅದನ್ನೂ ಅವಳೇ ಒಗೆದಳು. ಆಗ ಸೋಮ ಸಣ್ಣ ಹುಡುಗ. ಅವನು ಅದನ್ನು ಮರೆಯಲಿಲ್ಲ.

ದೊಡ್ಡವನಾದ ಮೇಲೆ ಅವನು ಒಗೆಯುವ ಕಲ್ಲು ಬಿಟ್ಟು ಎಲ್ಲಾಪುರದ ಕಾಡಿಗೆ ಹೋದ. ನಾಟಾ ಲಾರಿಗೆ ದಿಮ್ಮಿ ಏರಿಸುವ ಕೆಲಸ. ಹೆಗಲ ಚರ್ಮ ಕಿತ್ತು ಬರುತ್ತಿತ್ತು. ಆದರೂ ಊರಿಗೆ ಬಂದಾಗ ನಗುತ್ತಿದ್ದ. "ಅಲ್ಲಿ ನನಗ ಅಗಸ ಅಂತ ಯಾರೂ ಅನ್ನಂಗಿಲ್ಲ ಗಿರಿಜಾ. ಸೋಮ ಅಂತಾರ. ಬರೇ ಸೋಮ." ಆ ಮಾತು ಕೇಳಿ ನನಗೆ ಹೊಟ್ಟೆ ತುಂಬಿದಂತಾಗಿತ್ತು. ಅಲ್ಲೇ ಒಂದು ಜಾಗ ಕೊಂಡು ಮನೆ ಕಟ್ಟೋಣ ಎಂದು ಗಂಡ ಹೆಂಡತಿ ನಿಶ್ಚಯ ಮಾಡಿದೆವು. ಆ ಮನೆಗೆ ಯಾರ ಗಂಟೂ ಬರಬಾರದು. ನಮಗೆ ಬೇಕಾಗಿದ್ದು ಅದೊಂದೇ.

ಜಾಗ ಹುಡುಕಲು ವರ್ಷ ಹಿಡಿಯಿತು. ಲಾರಿಯ ಜೊತೆಗಾರರು ಒಂದೊಂದು ಬುದ್ಧಿ ಹೇಳಿದರು. ಸೊಪ್ಪಿನ ಬೆಟ್ಟ ಕೊಡುತ್ತೇನೆ ಎಂದರೆ ಒಪ್ಪಬೇಡ, ಅದು ತೋಟಕ್ಕೆ ಸೊಪ್ಪು ಕಡಿಯಲು ಸರ್ಕಾರ ಬಿಟ್ಟ ಕಾಡು, ಮಾರಲು ಯಾರಿಗೂ ಬರುವುದಿಲ್ಲ ಎಂದರು. ಬೇಸಿಗೆಯಲ್ಲೇ ನೀರು ನೋಡು, ಮಳೆಗಾಲದಲ್ಲಿ ಇಲ್ಲಿ ಕಲ್ಲಲ್ಲೂ ನೀರು ಎಂದರು. ಜಾಗದಲ್ಲಿ ಚೌಡಿ ದೇವತೆಯ ಕಲ್ಲು ಇದ್ದರೆ ಬಿಡು ಎಂದರು. ಸೋಮ ಎಲ್ಲವನ್ನೂ ಕಿವಿಗೆ ಹಾಕಿಕೊಂಡ. ಸೊಪ್ಪಿನ ಬೆಟ್ಟದ ಜಾಗ ಎರಡು ಬಂದವು, ಬಿಟ್ಟ. ಚಲೋ ನೀರಿದ್ದ ಒಂದು ಕಡೆ, ಬಯಲುಸೀಮೆಯವರಿಗೆ ಕೊಡುವುದಿಲ್ಲ ಎಂದು ಬಾಗಿಲಿಂದಲೇ ಕಳಿಸಿದರು.

ಆಮೇಲೆ ಹಾಲಗದ್ದೆಯ ರಘುಪತಿಯವರು ತಾವೇ ಹೇಳಿಕಳಿಸಿದರು. ಆ ಊರಿನ ದೊಡ್ಡ ತೋಟದವರು. ಹಳ್ಳದ ದಂಡೆಯ ಮೇಲೆ ಅವರದೊಂದು ತುಂಡು ಜಾಗ ಇತ್ತು. ನಾನು, ಅತ್ತೆ, ಸೋಮ ಮೂವರೂ ಹೋಗಿ ನೋಡಿದೆವು. ಸುಡುಬೇಸಿಗೆ. ಹಳ್ಳದಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಸೋಮ ಗುಂಡಿ ತೋಡಿ, ಅದೇ ಮಣ್ಣನ್ನು ತಿರುಗಿ ತುಂಬಿದ. ಗುಂಡಿ ತುಂಬಿ ಮಣ್ಣು ಮಿಕ್ಕಿತು. ಮಿಕ್ಕರೆ ಒಳ್ಳೆಯ ಜಾಗ. ಗಡಿಕಲ್ಲು ನಾಲ್ಕೂ ಇದ್ದವು. ಜಮೀನಿನ ಲೆಕ್ಕ ಬರೆಯುವ ತಲಾಟಿಯನ್ನು ಕರೆತಂದು ತೋರಿಸಿದೆವು, ಮಾಲ್ಕಿ ಜಾಗವೇ, ಸರ್ಕಾರದ್ದಲ್ಲ ಎಂದ. ಅತ್ತೆ ಸೆರಗು ಹಾಸಿ ಅಲ್ಲೇ ಮರದ ಕೆಳಗೆ ಮಲಗಿದಳು. ಮಲಗಿ ನಿದ್ದೆ ಬಂದರೆ ಆ ನೆಲ ಒಗ್ಗುತ್ತದೆ ಅಂತ ನಮ್ಮ ಕಡೆಯ ನಂಬಿಕೆ. ಗೊರಕೆ ಹೊಡೆದಳು.

ಎದ್ದವಳು, "ಇಲ್ಲಿ ಮದಲ ಯಾರೋ ಇದ್ರು ಅನಸ್ತದ. ನೆಲಗಟ್ಟು ಐತಿ ನೋಡು" ಅಂದಳು. ಹುಲ್ಲಿನ ಕೆಳಗೆ ಹಳೆಯ ಕಲ್ಲುಸಾಲು ಇತ್ತು. ಮನೆ ಇದ್ದ ಜಾಗ ಅಂದರೆ ಇನ್ನೂ ಚಲೋ ಆಯಿತಲ್ಲ, ಹಾವುಹುತ್ತ ಇರುವುದಿಲ್ಲ ಎಂದುಕೊಂಡೆವು. ಯಾರಿದ್ದರು, ಯಾಕೆ ಹೋದರು ಅಂತ ಕೇಳಬೇಕು ಎಂದು ಮೂವರಿಗೂ ಹೊಳೆಯಲಿಲ್ಲ. ಮಣ್ಣನ್ನು ಕೇಳಿದೆವು, ನೀರನ್ನು ಕೇಳಿದೆವು, ಕಲ್ಲನ್ನು ಕೇಳಿದೆವು. ಮನುಷ್ಯರನ್ನು ಕೇಳಲಿಲ್ಲ.

ರಘುಪತಿಯವರು ತಮ್ಮ ಅಂಗಳದ ಹೊರಗೆ ನಮ್ಮನ್ನು ಕೂರಿಸಿ ಬೆಲ್ಲ ನೀರು ಕೊಡಿಸಿದರು. ಮಾತು ಮೆತ್ತಗೆ.

"ಎಂತ ಸೋಮ, ತಾಯಿನೂ ಇಲ್ಲೇ ಬಂದು ಇರ್ತಳ? ಹೆಂಡತಿ?"

"ಇರ್ತಾರ್ರೀ ಧಣ್ಯಾರ. ಮನಿ ಕಟ್ಟೋದ ಅವರ ಸಲುವಾಗಿ."

"ಹಾಂಗಾದ್ರೆ ಅಡ್ಡಿಲ್ಲೆ. ಹೆಂಗಸರು ಬೇಕು. ಹೆಂಗಸರು ಇಲ್ದೇ ಇದ್ರೆ ಎಂತಕ್ಕೂ ಆಗ್ತಿಲ್ಲೆ."

ಎಂಥ ಒಳ್ಳೆಯ ಮನುಷ್ಯ ಎಂದು ದಾರಿಯುದ್ದಕ್ಕೂ ಹೊಗಳಿದೆವು. ಬೇರೆಯವರು ಬಾಗಿಲಿಂದ ಅಟ್ಟಿದರು, ಇವರು ಕರೆದು ಕೊಟ್ಟರು. ಅತ್ತೆ ಅಂತೂ ಅವರ ಮಕ್ಕಳು ಮೊಮ್ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಬಸ್ಸಿನಲ್ಲಿ ಕೈಮುಗಿದಳು. ಎಲ್ಲಾಪುರದಲ್ಲಿ ಕಾಗದ ನೋಂದಣಿ ಆಯಿತು. ಸೋಮ ಹೆಬ್ಬೆಟ್ಟು ಒತ್ತಿದ.

ದಸರೆ ಕಳೆದು ಮಳೆ ನಿಂತ ಮೇಲೆ ಊರು ಬಿಟ್ಟೆವು. ಬಿಡುವ ದಿನ ಗೌಡರ ಮಗ, "ಎಲ್ಲಿಗಿ ಹೋದರೂ ಅಗಸರು ಅಗಸರ ಅಲಾ" ಅಂದ. ನಾನು ಬುಟ್ಟಿಯನ್ನು ಅವನ ಅಂಗಳದಲ್ಲೇ ಇಟ್ಟು ಬಂದೆ. ರೊಟ್ಟಿಯ ಬುಟ್ಟಿ. ತಿರುಗಿ ನೋಡಲಿಲ್ಲ.

ಹಳ್ಳದ ದಂಡೆಯಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ಮನೆ ಕಟ್ಟಲು ನಿಂತೆವು. ಸೋಮ ಬೆಳಿಗ್ಗೆ ದಿಮ್ಮಿ ಹೊತ್ತು, ಸಂಜೆ ಬಂದು ಕಲ್ಲು ಹೊರುತ್ತಿದ್ದ. ಪಾಯಕ್ಕೆ ಕಲ್ಲನ್ನು ಹಳ್ಳದ ಆಚೆಯಿಂದ ನಾನೇ ತಲೆಯ ಮೇಲೆ ತಂದೆ. ಸಿಂಬಿ ಹರಿದು ನೆತ್ತಿಯಲ್ಲಿ ಗಾಯವಾಯಿತು. ಮಣ್ಣು ಕಲಸುವುದು ಅತ್ತೆಯ ಕೆಲಸ. ಮುದುಕಿ ಮೊಣಕಾಲವರೆಗೆ ಕೆಸರಲ್ಲಿ ನಿಂತು ತುಳಿಯುತ್ತಿದ್ದಳು. "ಜನ್ಮದಾಗ ಮದಲನೇ ಸಲ ನಮ್ಮ ಹೊಲಸು ನಾವು ತುಳಿಯಾಕತ್ತೇವಿ" ಎಂದು ನಗುತ್ತಿದ್ದಳು. ಗೋಡೆ ಇಡುವುದಕ್ಕೆ ಊರಿನ ನಾಗಪತಿ ಬರುತ್ತಿದ್ದ. ತೋಟದವರ ಕೂಲಿ ಮಾಡಿಕೊಂಡಿದ್ದ ಬಡವ. ಅವನ ಕೈ ಚಲೋ. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಸಂಜೆ ಹೊತ್ತು ನಾನು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಮೈಯೆಲ್ಲ ನೋವು. ಆದರೂ ಅಷ್ಟು ಸುಖ ನನಗೆ ಯಾವತ್ತೂ ಆಗಿರಲಿಲ್ಲ.

ಒಂದು ಬೆಳಿಗ್ಗೆ, ಸೋಮ ಕೆಲಸಕ್ಕೆ ಹೊರಡುವ ಮೊದಲೇ, ರಘುಪತಿಯವರು ಬಂದರು. ಅವರ ಹಿಂದೆ ಮನೆಯ ಆಳು. ಆಳಿನ ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಯಲ್ಲಿ ಒಂದು ಗಂಟು. ತಂದು ನಮ್ಮ ಕಲಸಿದ ಮಣ್ಣಿನ ಪಕ್ಕದಲ್ಲಿ ಇಳಿಸಿದ.

ವಾಸನೆಗೇ ನನಗೆ ಗೊತ್ತಾಯಿತು. ಹೆರಿಗೆಯ ಬಟ್ಟೆ.

"ನಮ್ಮನೆ ಸೊಸೆ ಪರಿಮಳಾ ಹಡೆದ್ದು. ಗಂಡು" ಅಂದರು ರಘುಪತಿಯವರು. ಮುಖದಲ್ಲಿ ಖುಷಿ ಇತ್ತು. "ಮೈಲಿಗೆ ಕಳೆಯೋ ದಿನಕ್ಕೆ ಇದನ್ನೆಲ್ಲ ಒಗೆದು ಆಗಬೇಕು. ಸೀರೆ ಮಾತ್ರ ನಿಂಗಳ ಹೆಂಗಸರೇ ತಂದು ಬಾಣಂತಿ ಕೈಗೆ ಕೊಡಬೇಕು. ಇಲ್ಲಿ ಪದ್ಧತಿ ಹಾಂಗೆ. ಅಗಸಗಿತ್ತಿ ಕೊಟ್ಟ ಸೀರೆ ಉಡದೇ ಮೈಲಿಗೆ ಹೋಗ್ತಿಲ್ಲೆ."

ನಾಗಪತಿ ಗೋಡೆಯ ಮೇಲೆ ಕೈ ಇಟ್ಟವನು ಹಾಗೇ ನಿಂತ.

ಸೋಮ ಮುಂದೆ ಬಂದ. "ಧಣ್ಯಾರ, ನಾವು ಆ ಕೆಲಸ ಬಿಟ್ಟೇವ್ರಿ. ನಾ ನಾಟಾದಾಗ ದುಡೀತೇನ್ರಿ."

"ನಾಟಾದಲ್ಲಿ ದುಡಿ. ಯಾರು ಬ್ಯಾಡ ಅಂದ್ರು? ಇದು ಹೆಂಗಸರ ಕೆಲಸ. ತಾಯಿ ಇದ್ದಳಲ, ಹೆಂಡ್ತಿ ಇದ್ದಳಲ."

"ನಾ ಅಗಸ ಅಂತ ನಿಮಗ ಯಾರು ಹೇಳಿದ್ರು?"

ರಘುಪತಿಯವರು ನಕ್ಕರು. ಮಕ್ಕಳ ಮಾತಿಗೆ ನಗುವ ನಗು. "ಯಾರು ಹೇಳಬೇಕು ಮಾರಾಯ? ಹೋದ ವರ್ಷ ನೀನು ಹಳ್ಳದಲ್ಲಿ ನಿನ್ನ ಅಂಗಿ ಒಗೀತಾ ಇದ್ದೆ. ಆನು ನೋಡಿದ್ದೆ. ಬೇರೆಯವರಿಗೆ ಹಾಂಗೆ ಒಗೆಯಲೆ ಬತ್ತಿಲ್ಲೆ. ಅದಕ್ಕೇ ಕರೆದು ಜಾಗ ಕೊಟ್ಟಿದ್ದು. ಇದು ಅಗಸರ ಜಾಗವೇ. ಮೊದಲು ಇದ್ದವ ಸತ್ತ, ಮನೆಯವರು ಊರು ಬಿಟ್ಟು ಹೋದ್ರು. ಊರಿಗೆ ಅಗಸರು ಇಲ್ದೇ ಎಷ್ಟು ಕಷ್ಟ ಆಗಿತ್ತು ಗೊತ್ತಿದ್ದ? ಇಲ್ದಿದ್ರೆ ಬಯಲುಸೀಮೆಯವರಿಗೆ ಆನು ಎಂತಕ್ಕೆ ಜಾಗ ಕೊಡ್ತಿದ್ದೆ?"

ಆ ಮನುಷ್ಯನಿಗೆ ತಾನು ಮೋಸ ಮಾಡಿದೆ ಎಂಬ ಅರಿವೇ ಇರಲಿಲ್ಲ. ನಮಗೆ ಉಪಕಾರ ಮಾಡಿದೆ ಎಂದೇ ತಿಳಿದಿದ್ದರು. ಕೋಪ ಬರುವುದಕ್ಕೂ ನನ್ನಲ್ಲಿ ತ್ರಾಣ ಇರಲಿಲ್ಲ. ಸೋಮ ತನ್ನ ಎರಡೂ ಕೈ ನೋಡಿಕೊಳ್ಳುತ್ತ ನಿಂತಿದ್ದ. ಆ ಕೈಗಳೇ ಅವನನ್ನು ಹಿಡಿದುಕೊಟ್ಟಿದ್ದವು.

ನಾನು ದಣಿದಿದ್ದೆ. ನಿಜ ಹೇಳುತ್ತೇನೆ, ಒಗೆದುಬಿಡೋಣ ಅನಿಸಿತು. ಒಂದು ಗಂಟು. ಹತ್ತು ವರ್ಷ ಒಗೆದಿದ್ದೇನೆ, ಇದೊಂದಕ್ಕೆ ಏನಾಗುತ್ತದೆ? ಗೋಡೆ ಎದೆಮಟ್ಟಕ್ಕೆ ಬಂದಿದೆ. ಮಾಡು ಬರಬೇಕು. ಇವರನ್ನು ಎದುರು ಹಾಕಿಕೊಂಡು ಎಲ್ಲಿಗೆ ಹೋಗುವುದು? ನಾನು ಬಗ್ಗಿ ಗಂಟಿಗೆ ಕೈ ಚಾಚಿದೆ.

"ಮುಟ್ಟಬ್ಯಾಡ."

ಅತ್ತೆ. ಕೆಸರಿನಿಂದ ಎದ್ದು ಬಂದಿದ್ದಳು. ಜನ್ಮದಲ್ಲಿ ಯಾವ ಧಣಿಯ ಎದುರೂ ದನಿ ಎತ್ತದವಳು.

"ಒಂದ ಸಲ ಮುಟ್ಟಿದಿ ಅಂದ್ರ ಮುಗೀತು ಗಿರಿಜಾ. ನಾಳೆ ಇನ್ನೊಂದು ಮನಿದು ಬರ್ತದ. ನಾಡದ ಹೆಣದ ಹಾಸಿಗಿ ಬರ್ತದ. ನಾ ಎಲ್ಲಾ ನೋಡೇನಿ."

ಆಮೇಲೆ ರಘುಪತಿಯವರ ಕಡೆ ತಿರುಗಿದಳು. ಕೈ ಮುಗಿದೇ ಹೇಳಿದಳು.

"ಧಣ್ಯಾರ, ಕೂಸು ನೂರು ವರ್ಷ ಬಾಳಲಿ. ನಾವು ನಿಮ್ಮ ಕಡೆ ಜಾಗ ಕೊಂಡೇವ್ರಿ. ನಿಮ್ಮ ಮೈಲಿಗಿ ಕೊಂಡಿಲ್ಲ. ಈ ಗಂಟು ಎತ್ತಿಸ್ರಿ."

ರಘುಪತಿಯವರ ಮುಖ ಕಪ್ಪಾಯಿತು. ಬೈಯಲಿಲ್ಲ. "ಆತು" ಅಂದರು. ಆಳನ್ನು ಕರೆದುಕೊಂಡು ಹೋದರು. ಗಂಟು ಅಲ್ಲೇ ಉಳಿಯಿತು.

ಮರುದಿನ ನಾಗಪತಿ ಬರಲಿಲ್ಲ. ಹಳ್ಳದಿಂದ ನಮ್ಮ ಜಾಗಕ್ಕೆ ಬರುವ ಗಾಡಿದಾರಿಗೆ ಬಿದಿರು ಅಡ್ಡ ಕಟ್ಟಿ, ಮುಳ್ಳು ಹಾಕಿದ್ದರು. ಆ ದಾರಿ ರಘುಪತಿಯವರ ಸೊಪ್ಪಿನ ಬೆಟ್ಟದಲ್ಲಿ ಹಾಯ್ದು ಬರುತ್ತಿತ್ತು. ದಾರಿ ಇದೆ ಅಂತ ನೋಡಿದ್ದೆವು, ಯಾರದ್ದು ಅಂತ ಕೇಳಿರಲಿಲ್ಲ. ಸೋಮ ಎಲ್ಲಾಪುರಕ್ಕೆ ಹೋಗಿ ಒಬ್ಬ ವಕೀಲರನ್ನು ಕೇಳಿ ಬಂದ. ಜಾಗ ನಿಮ್ಮದೇ, ಯಾರೂ ಬಿಡಿಸಲಾರರು, ದಾರಿ ಬೇಕಾದರೆ ದಾವೆ ಹಾಕಿ, ವರ್ಷಗಟ್ಟಲೆ ನಡೆಯುತ್ತದೆ ಅಂದರಂತೆ. ಮನೆಗೆ ಬಂದವನು ನೀರು ಕೂಡ ಕೇಳದೆ ಮಲಗಿದ.

ಮಾಡಿಗೆ ಹೇಳಿದ್ದ ಹುಲ್ಲು ಬರಲಿಲ್ಲ. ಕೊಡುತ್ತೇನೆ ಅಂದವನು ನಮ್ಮನ್ನು ಕಂಡರೆ ದಾರಿ ಬದಲಿಸಿದ. ಅಂಗಡಿಯವನು ಉಪ್ಪು ಕೊಟ್ಟ, ಆದರೆ ಮಾತಾಡಲಿಲ್ಲ. ನಾಗಪತಿ ಒಂದು ದಿನ ಹಳ್ಳದ ಆಚೆ ನಿಂತು ಕೂಗಿದ.

"ಎಂತಕ್ಕೆ ಬೇಕು ಈ ಹಟ? ತೊಳೆದು ಕೊಟ್ಟುಬಿಡಿ. ನಾವೂ ಅವರ ಅಂಗಳ ಬಳಿಯೋದಿಲ್ವ? ನಾವೂ ಅವರ ಕೊಟ್ಟಿಗೆ ಎತ್ತೋದಿಲ್ವ? ನಿಮಗೆ ಮಾತ್ರ ಎಂತ ದೊಡ್ಡಸ್ತಿಕೆ?"

ಅವನಿಗೆ ನಾನು ಏನು ಹೇಳಲಿ? ನೀನೂ ಎತ್ತಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವನ ಮನೆಯಲ್ಲಿ ಐದು ಬಾಯಿ ಇದ್ದವು. ತಲೆ ತಗ್ಗಿಸಿ ಕಲ್ಲು ಹೊತ್ತೆ.

ಗಂಟು ಬಿಸಿಲಲ್ಲಿ ಬಿದ್ದಿತ್ತು. ಊದಿಕೊಂಡಂತೆ ಕಾಣುತ್ತಿತ್ತು. ನೊಣ ಮುತ್ತಿದವು. ಗಾಳಿ ಬೀಸಿದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೋಲಿನಿಂದ ದೂಡಿ ಹಳ್ಳಕ್ಕೆ ಹಾಕಿಬಿಡುತ್ತೇನೆ ಅಂದ ಸೋಮ. ಅತ್ತೆ ಬಿಡಲಿಲ್ಲ. ದೂಡಿದರೂ ನಾವು ಎತ್ತಿದಂತೆ ಆಗುತ್ತದೆ ಅಂದಳು. ಊರೆಲ್ಲ ಆ ಗಂಟನ್ನೇ ಕಾಯುತ್ತಿತ್ತು. ಯಾವಾಗ ಸೋಲುತ್ತಾರೆ ನೋಡೋಣ ಅಂತ. ನಮಗೂ ಅದೇ ಯೋಚನೆ. ಯಾವಾಗ ಸೋಲುತ್ತೇವೋ ಅಂತ. ನನಗೆ ನಿದ್ದೆಯಲ್ಲೂ ಒಗೆಯುವ ಸದ್ದು ಕೇಳುತ್ತಿತ್ತು.

ಇಬ್ಬರೇ ಗೋಡೆ ಏರಿಸತೊಡಗಿದೆವು. ನಾನು ಮತ್ತು ಅತ್ತೆ. ಸೋಮ ಸಂಜೆ ಬಂದು ಸೇರುತ್ತಿದ್ದ. ಗೋಡೆ ಸೊಟ್ಟಗೆ ಬಂತು. ಬರಲಿ ಅಂದೆವು.

ಮೈಲಿಗೆ ಕಳೆಯುವ ದಿನ ದಾಟಿಹೋಯಿತು. ಅಗಸಗಿತ್ತಿ ಇಲ್ಲದೆ ಆ ಮನೆಯಲ್ಲಿ ದೇವರ ದೀಪ ಹಚ್ಚಿಲ್ಲ, ಮಗುವಿಗೆ ಹೆಸರಿಟ್ಟಿಲ್ಲ, ಬಾಣಂತಿ ಕೊಟ್ಟಿಗೆಯ ಪಕ್ಕದ ಕತ್ತಲೆ ಕೋಣೆಯಿಂದ ಹೊರಗೆ ಬಂದಿಲ್ಲ ಅಂತ ಅಂಗಡಿಯ ಹತ್ತಿರ ಸೋಮ ಕೇಳಿಸಿಕೊಂಡು ಬಂದ. ಪರಿಮಳಾ ಎಂಬ ಆ ಹುಡುಗಿಯನ್ನು ಒಂದು ಸಲ ನೋಡಿದ್ದೆ. ಬಸುರಿ, ಹಳ್ಳದ ದಂಡೆಗೆ ಬಂದು ನಮ್ಮ ಪಾಯ ನೋಡಿ, "ಅಡುಗೆಮನೆ ಯಾವ ಬದಿ?" ಎಂದು ಕೇಳಿದ್ದಳು. ನಾವು ಇಲ್ಲ ಅಂದದ್ದು ಮಾವನಿಗೆ. ಕತ್ತಲೆ ಕೋಣೆಯಲ್ಲಿ ಕೂತದ್ದು ಸೊಸೆ. ಯಾವಾಗಲೂ ಹೀಗೇ.

ಅವಳು ನಡುಮಧ್ಯಾಹ್ನ ಬಂದಳು. ಒಬ್ಬಳೇ. ಮುಳ್ಳಿನ ಬೇಲಿಯ ಪಕ್ಕದಿಂದ ಹಳ್ಳಕ್ಕೆ ಇಳಿದು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ. ಬಿಳಿಚಿಕೊಂಡ ಮುಖ. ತಲೆಗೆ ಬಟ್ಟೆ ಕಟ್ಟಿದ್ದಳು. ಎದೆಯ ಹಾಲು ಸೋರಿ ಸೀರೆ ಒದ್ದೆಯಾಗಿತ್ತು. ಹಿಂದೆ ದೂರದಲ್ಲಿ ಅವಳ ಅತ್ತೆ ವಿನೋದಮ್ಮ ಕೂಗುತ್ತ ಬಂದವರು ಹಳ್ಳದ ಆಚೆಯೇ ನಿಂತರು. ಈಚೆ ದಾಟಿದರೆ ಬಾಣಂತಿಯನ್ನು ಮುಟ್ಟಬೇಕಾಗುತ್ತದಲ್ಲ.

ಪರಿಮಳಾ ನಮ್ಮ ಕಡೆ ನೋಡಲಿಲ್ಲ. ಗಂಟಿನ ಹತ್ತಿರ ಕೂತು ಬಿಚ್ಚಿದಳು. ವಾಕರಿಸಿ ಪಕ್ಕಕ್ಕೆ ತಿರುಗಿದಳು. ಆಮೇಲೆ ಎರಡೂ ಕೈಯಲ್ಲಿ ತಬ್ಬಿಕೊಂಡು ನೀರಿಗೆ ಒಯ್ದಳು.

ಅವಳಿಗೆ ಒಗೆಯಲು ಬರುತ್ತಿರಲಿಲ್ಲ. ಒಣಗಿ ಗಟ್ಟಿಯಾದ ಬಟ್ಟೆಯನ್ನು ಹಾಗೇ ಕಲ್ಲಿಗೆ ಹೊಡೆದಳು. ನೀರು ಸಿಡಿದು ಮುಖಕ್ಕೆ ಬಂತು. ಬಟ್ಟೆ ಕೈಜಾರಿ ನೀರಲ್ಲಿ ತೇಲಿ ಹೋಯಿತು, ಓಡಿ ಹಿಡಿದಳು. ಎರಡು ಸಲ ಬಿದ್ದಳು.

ಅತ್ತೆಯ ಕೈ ಮುಂದೆ ಹೋದದ್ದನ್ನು ನಾನು ನೋಡಿದೆ. ಅವಳಿಗೆ ತಿಳಿಯದೆಯೇ ಹೋಗಿತ್ತು. ಐವತ್ತು ವರ್ಷ ಒಗೆದ ಕೈ. ಬಟ್ಟೆ ತೇಲಿ ಹೋಗುವುದನ್ನು ಕಂಡು ಸುಮ್ಮನಿರಲು ಅದಕ್ಕೆ ಬರುತ್ತಿರಲಿಲ್ಲ. ಹೆಜ್ಜೆ ಇಟ್ಟೇಬಿಟ್ಟಳು. ನಾನು ಹಿಂದಿನಿಂದ ಅವಳ ಎರಡೂ ಮುಂಗೈ ಹಿಡಿದೆ.

"ಬ್ಯಾಡತ್ತಿ."

"ಹಸಿ ಬಾಣಂತಿ ಗಿರಿಜಾ. ತಣ್ಣೀರಾಗ ನಿಂತಾಳ."

"ನನಗೂ ಕಾಣ್ತದ. ಬ್ಯಾಡ."

ಅವಳ ಕೈ ಬಿಡದೆ ನಾನು ಅಲ್ಲಿಂದಲೇ ಕೂಗಿ ಹೇಳಿದೆ. "ತಂಗೀ, ಮದಲ ನೆನಿಯಾಕ ಬಿಡು. ಕಲ್ಲ ಹೇರಿ ನೀರಾಗ ಇಡು. ನೆಂದ ಮ್ಯಾಲೆ ತಿಕ್ಕು. ಆಮ್ಯಾಲೆ ಹೊಡಿ."

ಅವಳು ಹಾಗೇ ಮಾಡಿದಳು. ನಾನು ಸೌದೆ ಉರಿಸಿ ನೀರು ಕಾಯಿಸಿದೆ. ಕೊಡ ಒಯ್ದು ಅವಳ ಪಕ್ಕದಲ್ಲಿ ಇಟ್ಟೆ. ಕೈಕಾಲಿಗೆ ಹೊಯ್ದುಕೋ ಅಂದೆ. ಬಟ್ಟೆ ಮುಟ್ಟಲಿಲ್ಲ. ಹೊತ್ತು ಇಳಿಯುವವರೆಗೆ ಒಗೆದಳು. ಅಂಗೈ ಸುಲಿದು ಕೆಂಪಾಗಿತ್ತು. ಕೊನೆಗೆ ಸೀರೆ ಹಿಂಡಿ, ಬಂಡೆಯ ಮೇಲೆ ಹರವಿ, ಒಣಗುವವರೆಗೆ ನಮ್ಮ ಗೋಡೆಯ ನೆರಳಲ್ಲಿ ಕೂತಳು. ಅತ್ತೆ ಗಂಜಿ ಕೊಟ್ಟಳು. ನಮ್ಮ ಕೈಯ ಗಂಜಿ ಅವಳು ಕುಡಿದಳು. ಹಳ್ಳದ ಆಚೆ ವಿನೋದಮ್ಮ ತಲೆ ಚಚ್ಚಿಕೊಂಡರು.

ಸೀರೆ ಒಣಗಿತು. ಪರಿಮಳಾ ಅದನ್ನು ಮಡಚಿ ತಂದು ನನ್ನ ಮುಂದೆ ಹಿಡಿದಳು. ಮೊದಲ ಸಲ ನನ್ನ ಮುಖ ನೋಡಿದಳು.

"ಅಕ್ಕಾ, ಆನೇ ತೊಳೆದ್ದು. ನಿಂಗ ಒಂದೂ ತೊಳೆಯಲೆ ಬೇಡ. ಇದನ್ನ ಒಂದು ಸಲ ಕೈಯಲ್ಲಿ ಹಿಡಿದು ತಿರುಗಿ ನಂಗೆ ಕೊಡಿ. ಅಷ್ಟೇ ಸಾಕು. ಅತ್ತೆ ಅಲ್ಲಿಂದ ನೋಡ್ತಾ ಇದ್ದು. ಅಗಸಗಿತ್ತಿ ಕೊಟ್ತು ಹೇಳಿ ಆದ್ರೆ ಆನು ಒಳಗೆ ಹೋಗ್ತೆ. ಮಗುವಿಗೆ ಹೆಸರು ಇಡ್ತ್ರು."

ಬರೀ ಹಿಡಿಯುವುದು. ಹಿಡಿದು ಕೊಡುವುದು. ಅದರಲ್ಲಿ ಹೊಲಸಿಲ್ಲ, ಭಾರವಿಲ್ಲ. ಬಿಸಿಲಿಗೆ ಒಣಗಿದ ಶುಭ್ರ ಸೀರೆ. ಸೋಮ ಕೆಲಸದಿಂದ ಬಂದು ಗೋಡೆಯ ಮೂಲೆಯಲ್ಲಿ ನಿಂತಿದ್ದ. ಹಳ್ಳದ ಆಚೆ ಈಗ ರಘುಪತಿಯವರೂ ಬಂದಿದ್ದರು, ಇನ್ನಷ್ಟು ತೋಟದವರೂ ಬಂದಿದ್ದರು. ಎಲ್ಲರೂ ನನ್ನ ಕೈ ನೋಡುತ್ತಿದ್ದರು.

ನನ್ನ ಕೈ ಮೇಲೆ ಬರಲು ನೋಡಿತು. ಈ ಸಲ ಅತ್ತೆ ಬೇಡ ಅನ್ನಲಿಲ್ಲ. ಅವಳು ಮುಖ ತಿರುಗಿಸಿ ಅಳುತ್ತಿದ್ದಳು. ಇಲ್ಲ ಅನ್ನುವುದಕ್ಕಿಂತ ಹತ್ತು ಗಂಟು ಒಗೆಯುವುದು ಹಗುರ ಅಂತ ಆಗ ತಿಳಿಯಿತು.

ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ನೀನ ಒಗದೀ ತಂಗಿ. ನಿನ್ನ ಸೀರಿ. ನೀನ ಉಟ್ಕೊಂಡು ಹೋಗು. ಯಾಕ ಮೈಲಿಗಿ ಅಂತ ಅವರನ್ನ ಕೇಳು."

ಅವಳು ಸೀರೆಯನ್ನು ಎದೆಗೆ ಅವಚಿಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿತು. ಅದು ನನ್ನ ಮೇಲಿನ ಸಿಟ್ಟು.

"ನಿಂಗಕ್ಕೆ ಕರುಳೇ ಇಲ್ಲೆ" ಅಂದಳು. 

"ಹೌದವ್ವ" ಅಂದೆ. "ಇಲ್ಲ."

ಅವಳು ಹಳ್ಳ ದಾಟಿ ಹೋದಳು. ಯಾರೂ ಕೈ ಕೊಡಲಿಲ್ಲ. ಅವಳು ದಡ ಹತ್ತಿದಾಗ ಎಲ್ಲರೂ ಸರಿದು ದಾರಿ ಬಿಟ್ಟರು. ನಾನು ಗೋಡೆಯ ಮರೆಗೆ ಬಂದು ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಸೋಮ ಪಕ್ಕದಲ್ಲಿ ಕೂತ. ಕಲಸಿದ ಮಣ್ಣು ಒಣಗುತ್ತಿತ್ತು, ಅತ್ತೆ ಒಬ್ಬಳೇ ಎದ್ದು ಅದಕ್ಕೆ ನೀರು ಹೊಯ್ದಳು.

ಎರಡು ದಿನ ಬಿಟ್ಟು ರಘುಪತಿಯವರು ದೂರದ ಊರಿನಿಂದ ಒಬ್ಬ ಮುದಿ ಅಗಸಗಿತ್ತಿಯನ್ನು ಗಾಡಿ ಕಟ್ಟಿ ಕರೆಸಿದರು. ಅವಳು ಸೀರೆ ಹಿಡಿದು ಕೊಟ್ಟಳಂತೆ. ಮಗುವಿಗೆ ಹೆಸರಿಟ್ಟರಂತೆ. ಹೋಗುವಾಗ ಆ ಮುದುಕಿ ಹಳ್ಳದ ಆಚೆ ಗಾಡಿ ನಿಲ್ಲಿಸಿ ನಮ್ಮ ಮನೆಯ ಕಡೆ ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಗಾಡಿ ಹೋಯಿತು.

ಮನೆ ಮುಗಿಯಿತು. ಮಾಡಿಗೆ ಹುಲ್ಲನ್ನು ಸೋಮ ಎಲ್ಲಾಪುರದ ಕಡೆಯಿಂದ ತಲೆಹೊರೆಯಲ್ಲಿ ತಂದ. ದಾರಿಯ ಬಿದಿರು ಬಿಚ್ಚಲಿಲ್ಲ. ಇವತ್ತಿಗೂ ಬಿಚ್ಚಿಲ್ಲ. ನಾವು ಹಳ್ಳದಲ್ಲೇ ನಡೆದು ಹೋಗಿ ಬರುತ್ತೇವೆ. ಬೇಸಿಗೆಯಲ್ಲಿ ಮೊಣಕಾಲು, ಮಳೆಗಾಲದಲ್ಲಿ ಸೊಂಟ. ಅತ್ತೆಗೆ ಈಗ ಆಗುವುದಿಲ್ಲ, ಸೋಮ ಹೊತ್ತುಕೊಂಡು ದಾಟಿಸುತ್ತಾನೆ. ಪರಿಮಳಾ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾಳೆ. ಅದೊಂದು ನನಗೆ ನೋವು.

ಕರುಳಿಲ್ಲದ ಜನ ಅಂತ ಹಾಲಗದ್ದೆಯವರು ನಮಗೆ ಹೆಸರಿಟ್ಟಿದ್ದಾರೆ. ಅನ್ನಲಿ. ಗಂಟು ಮಾತ್ರ ಯಾರೂ ತರುವುದಿಲ್ಲ.